‘ಬರ್ತದ ಬಿಡು’ ಎನ್ನುವ ಮೊದಲು

ಹತ್ತು ತಿಂಗಳ ಹೆಣ್ಣು ಕೂಸೊಂದು ವಾಂತಿಭೇದಿಯಿಂದ ನಾಲ್ಕು ದಿನ ನಮ್ಮ ವಾರ್ಡಿನಲ್ಲಿತ್ತು. ಡಿಸ್ಚಾರ್ಜ್ ಚೀಟಿ ಕೈಗೆ ಬಂದು, ಚೀಲ ಕಟ್ಟಿಕೊಂಡು, ಇನ್ನೇನು ಬಸ್ಸಿಗೆ ಹೊರಡಬೇಕು ಎನ್ನುವಾಗ ಅದರ ತಾಯಿ ತಿರುಗಿ ಬಂದು ಕೇಳಿದಳು: “ಸಿಸ್ಟರ್, ಇಕಿ ಹೆಸರು ಹಿಡಿದು ಕರೆದ್ರ ನೋಡಲ್ರಿ. ಏನರ ಆಗ್ಯಾದೇನ್ರಿ?” ಅದೇ ಹೊತ್ತಿಗೆ ಯಾರೋ ಮಂಚಕ್ಕೆ ತಾಗಿದ್ದ ಕಬ್ಬಿಣದ ಕಪಾಟಿನ ಬಾಗಿಲನ್ನು ಧಡಾರನೆ ಮುಚ್ಚಿದರು. ಮಂಚದ ಮೇಲೆ ಕುಳಿತಿದ್ದ ಕೂಸು ಬೆಚ್ಚಿ ಅತ್ತ ತಿರುಗಿತು. “ನೋಡು ತಂಗಿ, ತಿರುಗ್ತಲ್ಲ. ಇನ್ನಾ ಸಣ್ಣದದ, ಬರ್ತದ ಬಿಡು” ಎಂದೆ. ಆಕೆ ನನ್ನ ಮಾತನ್ನು ನಂಬಿ ಹೋದಳು.

ಆ ಕೂಸನ್ನು ನಾನು ಮತ್ತೆ ನೋಡಿದ್ದು ಅದಕ್ಕೆ ಎರಡೂವರೆ ವರ್ಷವಾದಾಗ, ಕೆಮ್ಮು ದಮ್ಮಿನಿಂದ ದಾಖಲಾದಾಗ. ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಬೇಕಾದದ್ದನ್ನು ತಾಯಿಯ ಗಲ್ಲ ಹಿಡಿದು, ಮುಖ ತಿರುಗಿಸಿ, ಬೆರಳು ತೋರಿಸಿ ಕೇಳುತ್ತಿದ್ದಳು. ಅಷ್ಟು ಚುರುಕಾದ ಕಣ್ಣುಗಳು. ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ತೀವ್ರವಾದ ಶ್ರವಣದೋಷವಿರುವುದು ತಿಳಿಯಿತು. ಅಂದು ಆಕೆ ತಿರುಗಿದ್ದು ಸದ್ದಿಗಲ್ಲ, ಕಪಾಟಿನಿಂದ ಮಂಚಕ್ಕೆ ಹರಿದ ಅದುರಿಗೆ. ಶ್ರವಣದೋಷವಿರುವ ಕೂಸಿನ ಮೊದಲ ಆರು ತಿಂಗಳೊಳಗೇ ಅದಕ್ಕೆ ಶ್ರವಣ ಸಾಧನ ಮತ್ತು ತರಬೇತಿ ಸಿಗಬೇಕು ಎನ್ನುವುದು ಈ ಕ್ಷೇತ್ರದ ಗುರಿ. ನನ್ನ ಎರಡು ಪದಗಳಿಂದಾಗಿ ಆ ಹುಡುಗಿಯ ಪಾಲಿಗೆ ಇಪ್ಪತ್ತು ತಿಂಗಳು ಹೋದವು. ಯಾದಗಿರಿ ಜಿಲ್ಲೆಯಲ್ಲಿ ಮಕ್ಕಳ ಶುಶ್ರೂಷೆಯಲ್ಲಿ ಹಲವು ವರ್ಷ ಕಳೆದಿರುವ ನಾನು ಈ ಬರಹವನ್ನು ಆ ಎರಡು ಪದಗಳ ಬಗ್ಗೆಯೇ ಬರೆಯುತ್ತಿದ್ದೇನೆ: ಯಾವಾಗ ‘ಬರ್ತದ ಬಿಡು’ ಎನ್ನಬಹುದು, ಯಾವಾಗ ಎನ್ನಲೇಬಾರದು.

ಮೊದಲು ಎನ್ನಬಹುದಾದ ಸಂದರ್ಭವನ್ನು ಹೇಳುತ್ತೇನೆ, ಏಕೆಂದರೆ ಅನಗತ್ಯವಾದ ಹೆದರಿಕೆಯೂ ತಾಯಂದಿರನ್ನು ಸುಡುತ್ತದೆ. ಓರಗಿತ್ತಿಯ ಮಗ ಹತ್ತು ತಿಂಗಳಿಗೆ ನಡೆದ, ನನ್ನ ಮಗ ಹದಿಮೂರಾದರೂ ಗೋಡೆ ಹಿಡಿದೇ ನಿಲ್ಲುತ್ತಾನೆ ಎಂದು ಅಳುತ್ತ ಬಂದವರನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯು ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಸರೆಯಿಲ್ಲದೆ ಕೂಡುವುದು 3.8 ತಿಂಗಳಿನಿಂದ 9.2 ತಿಂಗಳೊಳಗೆ ಯಾವಾಗ ಬಂದರೂ ಸರಿ. ತಾನೇ ನಡೆಯುವುದು 8.2 ತಿಂಗಳಿನಿಂದ 17.6 ತಿಂಗಳೊಳಗೆ ಯಾವಾಗ ಬಂದರೂ ಸರಿ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಂತು ನಡೆದವು. ಹಾಗಾಗಿ ಹದಿಮೂರು ತಿಂಗಳ ಆ ಹುಡುಗ ಗೋಡೆ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತಾನೆ, ಕೂತಲ್ಲಿಂದ ತಾನೇ ಏಳುತ್ತಾನೆ, ಎರಡೂ ಕಾಲಿಗೆ ಸಮನಾಗಿ ಭಾರ ಕೊಡುತ್ತಾನೆ ಎಂದಾದರೆ, ಅಲ್ಲಿ ಕಾಯುವುದೇ ಸರಿಯಾದ ಸಲಹೆ. ಆದರೆ ಆ ಕಾಯುವಿಕೆಗೂ ಒಂದು ಕೊನೆಯ ದಿನವಿದೆ: ಹದಿನೆಂಟು ತಿಂಗಳು ತುಂಬಿಯೂ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು.

ದಿನ ತುಂಬುವ ಮೊದಲು ಹುಟ್ಟಿದ ಮಗುವಿನ ಲೆಕ್ಕ ಬೇರೆ. 32 ವಾರಕ್ಕೆ ಹುಟ್ಟಿದ ಕೂಸು ತಾಯಿಯ ಹೊಟ್ಟೆಯಲ್ಲಿ ಇರಬೇಕಾಗಿದ್ದ ಎಂಟು ವಾರಗಳನ್ನು ಹೊರಗೆ ಕಳೆದಿರುತ್ತದೆ. ಆರು ತಿಂಗಳಾದಾಗ ಅದರಿಂದ ನಾಲ್ಕು ತಿಂಗಳ ಕೆಲಸವನ್ನು ನಿರೀಕ್ಷಿಸಬೇಕು. ಎರಡು ವರ್ಷವಾಗುವವರೆಗೆ ಹೀಗೆ ಕಳೆದು ನೋಡುವುದು ರೂಢಿ. ಅವಸರಕ್ಕೆ ಹುಟ್ಟಿದ ಮೊಮ್ಮಗಳಿಗೆ ಐದು ತಿಂಗಳಾದರೂ ಗೋಣು ನಿಂತಿಲ್ಲ ಎಂದು ಬಂದ ಆಯಿಯೊಬ್ಬರಿಗೆ ನಾನು ಕ್ಯಾಲೆಂಡರ್ ಹಾಳೆ ತಿರುವಿ ಇದನ್ನು ಲೆಕ್ಕ ಹಾಕಿ ತೋರಿಸಿದಾಗ, “ಹಂಗಾರ ಇಕಿ ನಮ್ಮ ಲೆಕ್ಕಕ್ಕ ಇನ್ನಾ ಮೂರ ತಿಂಗಳದಾಕಿ” ಎಂದು ಅವರೇ ಸಮಾಧಾನಪಟ್ಟರು.

ಆದರೆ ವಯಸ್ಸೇ ಸರಿಯಾಗಿ ಗೊತ್ತಿಲ್ಲದಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಮ್ಮ ಭಾಗದ ಅನೇಕ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ದುಡಿಯಲು ಹೋಗುತ್ತವೆ. ತಾಯಿ ಕಾರ್ಡು ಊರಲ್ಲಿ ಉಳಿದಿರುತ್ತದೆ ಅಥವಾ ಮಳೆಯಲ್ಲಿ ನೆನೆದು ಹೋಗಿರುತ್ತದೆ. ಆಗ “ಎಂಟ್ ಒಂಬತ್ತ್ ತಿಂಗಳ ಇರಬೇಕ್ರಿ” ಎಂಬ ಅಂದಾಜನ್ನು ನಾನು ಬರೆದುಕೊಳ್ಳುವುದಿಲ್ಲ. ಕೂಸು ಹುಟ್ಟಿದ್ದು ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವುದಕ್ಕೆ ಮೊದಲೋ ಆಮೇಲೋ, ಸಂಕ್ರಾಂತಿಯ ಮೈಲಾಪುರ ಜಾತ್ರೆಗೆ ಬಾಣಂತಿ ಮನೆಯಲ್ಲಿದ್ದಳೋ ಬಸುರಿಯಾಗಿ ಹೋಗಿದ್ದಳೋ, ತೊಗರಿ ಕೊಯ್ಲಿಗೆ ಬಂದಿತ್ತೋ ಹೂವಿನಲ್ಲಿತ್ತೋ ಎಂದು ಕೇಳುತ್ತ ಹೋದರೆ ಹತ್ತು ಹದಿನೈದು ದಿನಗಳ ಅಂತರದಲ್ಲಿ ದಿನಾಂಕ ಸಿಕ್ಕಿಬಿಡುತ್ತದೆ. ಮನೆಯ ಹಿರಿಯ ಹೆಂಗಸರ ನೆನಪು ಈ ವಿಷಯದಲ್ಲಿ ಕಚೇರಿಯ ದಾಖಲೆಗಿಂತ ನಿಖರವಾಗಿರುವುದನ್ನು ನಾನು ಕಂಡಿದ್ದೇನೆ.

ಬೆಳವಣಿಗೆಯ ಅಳತೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹುಟ್ಟಿದಾಗಿನ ತೂಕ ಐದು ತಿಂಗಳ ಸುಮಾರಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು, ಎರಡು ವರ್ಷಕ್ಕೆ ನಾಲ್ಕು ಪಟ್ಟು ಆಗುತ್ತದೆ. ಸುಮಾರು 50 ಸೆಂಟಿಮೀಟರ್ ಉದ್ದವಿದ್ದ ಕೂಸು ವರ್ಷಕ್ಕೆ 75ರ ಹತ್ತಿರ ಬರುತ್ತದೆ. ಇಷ್ಟನ್ನು ನರ್ಸಿಂಗ್ ಓದಿದ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ಅಳತೆಯೇ ತಪ್ಪಿದರೆ ಬಾಯಿಪಾಠದಿಂದ ಏನೂ ಪ್ರಯೋಜನವಿಲ್ಲ. ಆರು ತಿಂಗಳಿನಿಂದ ವರ್ಷದವರೆಗೆ ಕೂಸು ತಿಂಗಳಿಗೆ ಸುಮಾರು 250ರಿಂದ 300 ಗ್ರಾಂ ಮಾತ್ರ ಹೆಚ್ಚಾಗುತ್ತದೆ. ನಮ್ಮಲ್ಲಿ ತವರುಮನೆಯವರು ಹಾಕಿದ ಬೆಳ್ಳಿಯ ಉಡದಾರ, ಕಾಲಿನ ಕಡಗಗಳು ಹತ್ತು ತೊಲ ತೂಗಿದರೆ ಅದೇ ನೂರು ಗ್ರಾಮಿಗೂ ಹೆಚ್ಚು. ಒಂದು ತಿಂಗಳು ಬೆಳ್ಳಿಯೊಂದಿಗೆ, ಮರು ತಿಂಗಳು ಬೆಳ್ಳಿಯಿಲ್ಲದೆ ತೂಗಿದರೆ ಚೆನ್ನಾಗಿ ಬೆಳೆಯುತ್ತಿರುವ ಕೂಸು ಸೊರಗಿದಂತೆ ಕಾಣುತ್ತದೆ. ಒದ್ದೆ ಬಟ್ಟೆ, ಸ್ವೆಟರು, ಕುಂಚಿಗೆ ಎಲ್ಲದಕ್ಕೂ ಇದೇ ಮಾತು. ಬೆಳ್ಳಿ ಬಿಚ್ಚಲು ಹಿರಿಯರು ಒಪ್ಪದಿದ್ದರೆ ನಾನು ಜಗಳ ಮಾಡುವುದಿಲ್ಲ, ‘ಉಡದಾರ ಸಹಿತ’ ಎಂದು ತೂಕದ ಪಕ್ಕದಲ್ಲಿ ಬರೆಯುತ್ತೇನೆ. ಮುಂದಿನ ಸಲವೂ ಹಾಗೆಯೇ ತೂಗಬಹುದು. ತಲೆಯ ಸುತ್ತಳತೆಗೆ ಹಿಗ್ಗದ ಟೇಪು ಬೇಕು. ಅದು ಮುಂದೆ ಹುಬ್ಬಿನ ಮೇಲಿಂದ, ಹಿಂದೆ ತಲೆಯ ಅತ್ಯಂತ ಉಬ್ಬಿದ ಭಾಗದ ಮೇಲಿಂದ ಹಾಯಬೇಕು. ಜಾವಳ ಇನ್ನೂ ತೆಗೆಸದ ಗಂಡು ಹುಡುಗರಿಗೂ ನಮ್ಮಲ್ಲಿ ಜಡೆ ಹಾಕಿರುತ್ತಾರೆ, ಅದನ್ನು ಬಿಚ್ಚದೆ ಅಳೆದರೆ ಒಂದು ಸೆಂಟಿಮೀಟರ್ ಸುಳ್ಳು ಸೇರುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು, ಅದಕ್ಕೆ ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದರೆ ಇನ್ನೊಬ್ಬರು ಮೊಣಕಾಲು ಮೆತ್ತಗೆ ಒತ್ತಿ ಎರಡೂ ಅಂಗಾಲುಗಳಿಗೆ ಹಲಗೆಯನ್ನು ತರಬೇಕು. ಒಬ್ಬರೇ ಅವಸರದಲ್ಲಿ ಅಳೆದ ಉದ್ದವನ್ನು ನಾನು ಚಾರ್ಟಿನಲ್ಲಿ ಗುರುತು ಮಾಡುವುದೇ ಇಲ್ಲ.

ಇನ್ನು ಆ ಚಾರ್ಟು, ಅಂದರೆ ವಯಸ್ಸಿಗೆ ಎದುರಾಗಿ ತೂಕವನ್ನು ಚುಕ್ಕೆಯಿಟ್ಟು ಗುರುತಿಸುವ ಕಾರ್ಡಿನ ಹಾಳೆ; ಅದರಲ್ಲಿ ಹಸಿರು ಪಟ್ಟಿ ಎಂದರೆ ವಯಸ್ಸಿಗೆ ತಕ್ಕ ತೂಕ, ಹಳದಿ ಎಂದರೆ ಕಡಿಮೆ ತೂಕ. ತೂಕದ ಒಂದು ಚುಕ್ಕೆ ಹಸಿರು ಪಟ್ಟಿಯಲ್ಲಿದೆ ಎಂದರೆ ಬಹಳ ಮಂದಿ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಒಬ್ಬ ಹುಡುಗನ ಕಾರ್ಡಿನಲ್ಲಿ ಆರನೇ ತಿಂಗಳಿಗೆ 7.4 ಕಿಲೋ, ಏಳಕ್ಕೆ 7.5, ಎಂಟಕ್ಕೆ 7.4, ಒಂಬತ್ತಕ್ಕೆ 7.5 ಎಂದು ಬರೆದಿತ್ತು. ನಾಲ್ಕು ಚುಕ್ಕೆಗಳೂ ಹಸಿರಿನಲ್ಲಿಯೇ ಇದ್ದವು, ಆದ್ದರಿಂದ ಯಾರೂ ಏನೂ ಹೇಳಿರಲಿಲ್ಲ. ಆದರೆ ಆ ನಾಲ್ಕನ್ನು ಸೇರಿಸಿ ಗೆರೆ ಎಳೆದರೆ ಅದು ನೆಲದಂತೆ ಚಪ್ಪಟೆ. ಗೆರೆ ಚಪ್ಪಟೆಯಾದ ಹಸಿರು ಪಟ್ಟಿಯ ಮಗುವಿಗಾಗಿ ನಾನು ಚಿಂತಿಸುವಷ್ಟು, ಹಳದಿ ಪಟ್ಟಿಯಲ್ಲಿದ್ದೂ ಪಟ್ಟಿಗೆ ಸಮನಾಗಿ ಏರುತ್ತಿರುವ ಮಗುವಿಗಾಗಿ ಚಿಂತಿಸುವುದಿಲ್ಲ. ಆಹಾರ ಸಾಲದಾದಾಗ ಮೊದಲು ನಿಲ್ಲುವುದು ತೂಕ, ಆಮೇಲೆ ಉದ್ದ, ಎಲ್ಲಕ್ಕೂ ಕೊನೆಗೆ ತಲೆ. ತೂಕ ನಿಂತ ತಿಂಗಳಲ್ಲೇ ಹಿಡಿದರೆ ಉಳಿದೆರಡನ್ನು ಉಳಿಸಿಕೊಳ್ಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪರಿಸ್ಥಿತಿ ಅದಕ್ಕಿಂತ ಕಷ್ಟದ್ದು. ಆ ಗಿಡ್ಡತನ ಒಂದೇ ದಿನ ಬಂದದ್ದಲ್ಲ; ಯಾರೂ ನೋಡದೆ ಬಿಟ್ಟ ಚಪ್ಪಟೆ ಗೆರೆಗಳಿಂದ ಬಂದದ್ದು.

ಆ ಹುಡುಗನ ಊಟ ಕೇಳಿದೆ. ಎದೆಹಾಲು, ಅದರ ಮೇಲೆ ದಿನಕ್ಕೆ ಎರಡು ಸಲ ಬ್ಯಾಳಿ ಕಟ್ಟು, ಅಂದರೆ ಬೆಂದ ತೊಗರಿಬೇಳೆಯ ಮೇಲಿನ ತಿಳಿ. ದೇಶಕ್ಕೆ ತೊಗರಿ ಕೊಡುವ ನಾಡಿನಲ್ಲಿ ಕೂಸಿನ ಪಾಲಿಗೆ ಬೇಳೆಯ ನೀರು, ತಳದ ಬೇಳೆ ದೊಡ್ಡವರ ತಾಟಿಗೆ ಎನ್ನುವುದು ನನಗೆ ಬಹಳ ನೋವಿನ ಸಂಗತಿ. ಯಾರೂ ಬೇಕೆಂದು ಹೀಗೆ ಮಾಡುವುದಿಲ್ಲ, ಗಟ್ಟಿ ಪದಾರ್ಥ ಕೂಸಿಗೆ ಅರಗುವುದಿಲ್ಲ ಎಂಬ ಭಯದಿಂದ ಮಾಡುತ್ತಾರೆ. ತಳದ ಬೇಳೆಯನ್ನೇ ಕೈಯಲ್ಲಿ ಕಿವುಚಿ, ಅದರಲ್ಲಿ ಬಿಸಿ ಜೋಳದ ರೊಟ್ಟಿಯನ್ನು ನೆನೆಸಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ, ಚಮಚ ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿಯಾಗಿ, ಒಂಬತ್ತು ತಿಂಗಳ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಅರ್ಧ ಬಟ್ಟಲು ಉಣಿಸಲು ಹೇಳಿದೆ. ತತ್ತಿ ತಿನ್ನುವ ಮನೆಯಾದ್ದರಿಂದ ತತ್ತಿಯನ್ನೂ ಹೇಳಿದೆ. ಮುಂದಿನ ತಿಂಗಳು ಗೆರೆ ಏರಿತು. ಎಲ್ಲ ಮಕ್ಕಳಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಬಾವು ಇದ್ದರೆ, ಅದು ಮನೆಯ ಊಟದ ಸಲಹೆಗೆ ಬಿಡುವ ಮಗುವಲ್ಲ. ಅದನ್ನು ಅಂದೇ ವೈದ್ಯರಿಗೆ ತೋರಿಸಬೇಕು, ಅವರು ಹೇಳಿದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

ಕೌಶಲಗಳ ವಿಷಯಕ್ಕೆ ಮರಳುತ್ತೇನೆ. ಮಗುವಿನ ಹತೋಟಿ ತಲೆಯಿಂದ ಕೆಳಕ್ಕೆ, ನಡುವಿನಿಂದ ತುದಿಗೆ ಇಳಿಯುತ್ತದೆ: ಗೋಣು ನಿಲ್ಲುವುದು ಮೂರು ನಾಲ್ಕು ತಿಂಗಳಿಗೆ, ಡಬ್ಬ ಬೀಳುವುದು ಐದರ ಸುಮಾರಿಗೆ, ಆಮೇಲೆ ಕೂಡುವುದು, ನಿಲ್ಲುವುದು, ಕೈಯಲ್ಲೂ ಹಾಗೆಯೇ, ಆರು ತಿಂಗಳಿಗೆ ಇಡೀ ಅಂಗೈಯಿಂದ ಬಾಚಿ ಹಿಡಿಯುವ ಮಗು ಒಂಬತ್ತು ಹತ್ತರ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನಿಂದ ಹೆಕ್ಕುತ್ತದೆ. ಇದನ್ನು ನೋಡಲು ನಾನು ತಾಯಿಯ ಅಂಗೈಯಲ್ಲಿ ಒಂದು ಚುರುಮುರಿ ಕಾಳು ಇಟ್ಟು, ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕಾಯುತ್ತೇನೆ. ಇಲ್ಲಿ ತಾಯಂದಿರು ಹೆಮ್ಮೆಯಿಂದ ಹೇಳುವ ಒಂದು ಮಾತು ನನ್ನನ್ನು ಎಚ್ಚರಿಸುತ್ತದೆ: “ಇಂವ ಅವರಪ್ಪನಂಗ ಎಡಚ ಆಗ್ತಾನ್ರಿ, ಎಲ್ಲಾ ಎಡಗೈಲೇ ಹಿಡಿತಾನ.” ಮಗು ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಅದು ಎಡಚನಿರುವುದಕ್ಕಿಂತ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಒಂದು ಕೈಯನ್ನು ಮೆತ್ತಗೆ ಹಿಡಿದುಕೊಂಡು ಇನ್ನೊಂದರ ಕಡೆ ಆಟಿಕೆ ಚಾಚಿದರೆ ತಿಳಿಯುತ್ತದೆ. ಮೂರು ತಿಂಗಳು ದಾಟಿಯೂ ಮುಷ್ಟಿ ಬಿಗಿದೇ ಇರುವುದು, ಎತ್ತಿಕೊಂಡರೆ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬರುವುದು ಕೂಡ ಇಂಥವೇ ಸೂಚನೆಗಳು. ಹುಟ್ಟಿದ ಕೂಡಲೇ ಅಳದ ಕೂಸು, ಕಾಮಾಲೆ ಏರಿ ಬೆಳಕಿನ ಕೆಳಗೆ ಇಟ್ಟಿದ್ದ ಕೂಸು ಎಂದು ಕಾರ್ಡಿನಲ್ಲಿದ್ದರೆ ನಾನು ಇವುಗಳನ್ನು ಎರಡು ಸಲ ನೋಡುತ್ತೇನೆ.

ಬರಬೇಕಾದದ್ದು ತಡವಾಗುವುದು ಒಂದು, ಬಂದದ್ದು ಹೋಗುವುದು ಇನ್ನೊಂದು. ಎರಡನೆಯದಕ್ಕೆ ಯಾವ ವಯಸ್ಸಿನಲ್ಲೂ ಒಂದು ವಾರವೂ ಕಾಯಬಾರದು. ಕೂಡುತ್ತಿದ್ದ, ಕೇಕೆ ಹಾಕುತ್ತಿದ್ದ ಹತ್ತು ತಿಂಗಳ ಮಗು ಈಗ ಮಲಗಿದಲ್ಲೇ ಇರುತ್ತದೆ, ಅವ್ವನ ಮುಖ ನೋಡಿ ನಗುವುದಿಲ್ಲ ಎಂದು ಬಂದವರಿದ್ದಾರೆ. ಮೈಕೈ ತುಂಬಿಕೊಂಡ ಮಗು, ಆದ್ದರಿಂದ ಮನೆಯವರಿಗೆ ಅದು ಸೊರಗಿದೆ ಎನಿಸಿರುವುದಿಲ್ಲ. ಆದರೆ ಮುಖ ಬಿಳಿಚಿದೆ, ಕೂದಲು ತೆಳುವಾಗಿ ಕಂದಿದೆ, ಬೆರಳ ಗೆಣ್ಣುಗಳು ಕಪ್ಪಾಗಿವೆ, ಕೆಲವೊಮ್ಮೆ ಕೈ ನಡುಗುತ್ತದೆ. ತಾಯಿಯ ದೇಹದಲ್ಲಿ ಬಿ12 ಜೀವಸತ್ವ ಕಡಿಮೆಯಿದ್ದು, ಮಗು ಆರು ತಿಂಗಳ ನಂತರವೂ ಬರೀ ಎದೆಹಾಲಿನ ಮೇಲೆಯೇ ಇದ್ದರೆ ಹೀಗಾಗುತ್ತದೆ. ಹಾಲು, ಮೊಸರು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ಸಿಗುವ ಈ ಸತ್ವ, ಸಸ್ಯಾಹಾರದ ಮನೆಗಳ ತಾಯಂದಿರಲ್ಲೂ, ಹಾಲು ಮೊಸರು ಕೊಳ್ಳಲಾಗದ ಬಡ ತಾಯಂದಿರಲ್ಲೂ ಕೊರತೆಯಾಗುತ್ತದೆ. ವೈದ್ಯರು ಚುಚ್ಚುಮದ್ದು ಶುರು ಮಾಡಿದ ಕೆಲವೇ ದಿನಗಳಲ್ಲಿ ಇಂಥ ಮಗು ಕಣ್ಣು ಹೊರಳಿಸಿ ತಾಯಿಯನ್ನು ನೋಡಿ ನಕ್ಕದ್ದನ್ನು ನಾನು ಕಂಡಿದ್ದೇನೆ; ಈ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ತಡವಾಗಿ ಬಂದ ಮಕ್ಕಳಲ್ಲಿ ಮಾತ್ರ ಕಲಿಕೆಯ ಹಿನ್ನಡೆ ಸ್ವಲ್ಪ ಉಳಿದೇಬಿಡಬಹುದು. ತಾಯಿಗೂ ಚಿಕಿತ್ಸೆ ಆಗಬೇಕು, ಇಲ್ಲವಾದರೆ ಮುಂದಿನ ಕೂಸಿಗೂ ಅದೇ ಕಾದಿರುತ್ತದೆ.

ಮಾತಿನ ವಿಷಯದಲ್ಲಿ ‘ಬರ್ತದ ಬಿಡು’ ಎನ್ನುವುದು ನಮ್ಮಲ್ಲಿ ಅತಿ ಹೆಚ್ಚು. “ನಮ್ಮ ಮನೆತನದಾಗ ಎಲ್ಲಾರಿಗೂ ಮಾತು ತಡಾನೇ ಬಂದಾವ್ರಿ” ಎನ್ನುತ್ತಾರೆ, ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಮೂರು ವರ್ಷ ಕಾಯುತ್ತಾರೆ. ಆದರೆ ಮಾತಿಗೂ ಗಡಿಗಳಿವೆ. ಎರಡು ತಿಂಗಳ ಆಸುಪಾಸು ಮುಖ ನೋಡಿ ನಗಬೇಕು, ಒಂಬತ್ತರ ಹೊತ್ತಿಗೆ ‘ಬಾಬಾ ದಾದಾ’ ಎಂಬ ಜೋಡಿ ಸ್ವರಗಳಿರಬೇಕು, ವರ್ಷಕ್ಕೆ ‘ಟಾಟಾ’ ಮಾಡುವುದು, ಬೆರಳು ತೋರಿಸುವುದು ಬರಬೇಕು. ಹದಿನಾರು ತಿಂಗಳಾದರೂ ಅರ್ಥವಿರುವ ಒಂದು ಪದವಿಲ್ಲ, ಎರಡು ವರ್ಷವಾದರೂ ‘ಅವ್ವಾ ಬಾ’ ಎಂದು ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಕಾಯಬಾರದು. ತಾಂಡಾದಿಂದ ಬಂದ ಮಗುವನ್ನು ಕನ್ನಡದಲ್ಲಿ ಕೇಳಿ ‘ಮಾತಿಲ್ಲ’ ಎಂದು ಬರೆಯುವುದು ಅನ್ಯಾಯ. ಲಂಬಾಣಿ, ದಖ್ಖನಿ, ತೆಲುಗು ಎಲ್ಲದರಲ್ಲಿರುವ ಪದಗಳನ್ನೂ ಕೂಡಿಸಿ ಎಣಿಸಬೇಕು. ಮನೆಯಲ್ಲಿ ಎರಡು ಮೂರು ಭಾಷೆ ಇರುವುದರಿಂದ ಮಾತು ನಿಲ್ಲುವುದಿಲ್ಲ. ಮೊಬೈಲ್ ಹಿಡಿದು ಕೂರಿಸುವುದು ಮಾತ್ರ, ಎರಡು ವರ್ಷದೊಳಗೆ, ಬೇಡವೇ ಬೇಡ.

ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಕಿವಿ ಪರೀಕ್ಷೆ. ಕಿವಿ ಕೇಳದ ಕೂಸು ಕೂಡ ಮೊದಲ ಕೆಲವು ತಿಂಗಳು ‘ಊಂ, ಆ’ ಎನ್ನುತ್ತದೆ, ಅದರಿಂದಲೇ ಮನೆಯವರು ಮೋಸ ಹೋಗುತ್ತಾರೆ. ತನ್ನ ದನಿ ತನಗೇ ಕೇಳಿಸದೆ ಆ ದನಿಗಳು ಮುಂದೆ ಬೆಳೆಯುವುದಿಲ್ಲ. ಈಗ ನಾನು ಬಾಗಿಲು ಬಡಿದೋ ತಾಟು ಬಾರಿಸಿಯೋ ನೋಡುವುದಿಲ್ಲ. ಮಗು ತಾಯಿಯ ತೊಡೆಯ ಮೇಲಿರಬೇಕು, ಎದುರಿಗೆ ಒಬ್ಬರು ಆಟಿಕೆ ತೋರಿಸುತ್ತಿರಬೇಕು, ನಾನು ಹಿಂದೆ ನೆರಳು ಬೀಳದಂತೆ, ಉಸಿರು ತಾಗದಂತೆ ನಿಂತು ಬಟ್ಟಲಿನಲ್ಲಿ ಚಮಚವನ್ನು ಮೆಲ್ಲನೆ ತಿರುವುತ್ತೇನೆ. ಇದು ಸಂಶಯ ಹುಟ್ಟಿಸುವ ಪರೀಕ್ಷೆಯೇ ಹೊರತು ಸಂಶಯ ತೀರಿಸುವ ಪರೀಕ್ಷೆಯಲ್ಲ; ಯಂತ್ರದ ಪರೀಕ್ಷೆ ಆಗಲೇಬೇಕು. ಕಳ್ಳುಬಳ್ಳಿಯೊಳಗಿನ ಮದುವೆಯೇ ಎಂದೂ ಕೇಳುತ್ತೇನೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇದೆ, ಹುಟ್ಟಿನಿಂದ ಬರುವ ಶ್ರವಣದೋಷ ಅಂಥ ಮನೆಗಳಲ್ಲಿ ಹೆಚ್ಚು. ಇದನ್ನು ಕೇಳುವಾಗ ದನಿಯಲ್ಲಿ ದೂರು ಇರಬಾರದು. ಮಗುವಿಗೆ ದಾರಿ ತೋರಿಸಲು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ತಂಡ ಗುರುತಿಸಿದ ಮಗುವಿನ ಮುಂದಿನ ತಪಾಸಣೆ ಮತ್ತು ಚಿಕಿತ್ಸೆ ಉಚಿತ. ದುಡಿಯಲು ಹೋದ ಕುಟುಂಬ ತಂಡ ಬಂದ ದಿನ ಊರಲ್ಲಿರುವುದಿಲ್ಲ ಎನ್ನುವುದೇ ನಮ್ಮ ಕಡೆಯ ದೊಡ್ಡ ತೊಡಕು.

ಆದ್ದರಿಂದ ಈಗ ಕಾಯಿರಿ ಎಂದು ಹೇಳಬೇಕಾದಾಗಲೂ ನಾನು ಕಾರ್ಡಿನ ಮೇಲೆ ಒಂದು ದಿನಾಂಕ ಬರೆಯುತ್ತೇನೆ, ಅಷ್ಟರೊಳಗೆ ಏನು ಬರಬೇಕು ಎಂಬುದನ್ನೂ ಬರೆಯುತ್ತೇನೆ. ಇನ್ನೊಂದು ಸಣ್ಣ ಉಪಾಯವನ್ನೂ ಕಲಿತಿದ್ದೇನೆ. ಆಸ್ಪತ್ರೆಯ ಬಿಳಿ ಬಟ್ಟೆ ಕಂಡರೆ ಮಕ್ಕಳು ಬಿಗಿಯಾಗುತ್ತವೆ, ಮನೆಯಲ್ಲಿ ಮಾಡುವುದನ್ನು ಇಲ್ಲಿ ಮಾಡುವುದಿಲ್ಲ. ಅದಕ್ಕೆ ಮನೆಯಲ್ಲಿ ಮಗು ತಾನಾಗಿ ಆಡುವಾಗ, ಹೇಳಿಕೊಡದೆ, ಕರೆಯದೆ, ಎರಡು ನಿಮಿಷದ ವಿಡಿಯೊ ಮಾಡಿ ತರಲು ಹೇಳುತ್ತೇನೆ.

ಕಳೆದ ತಿಂಗಳು ವಡಗೇರಾ ಕಡೆಯ ಒಂದು ಹಳ್ಳಿಯಿಂದ ಹನ್ನೊಂದು ತಿಂಗಳ ಹುಡುಗನನ್ನು ತಂದಿದ್ದರು, ಕರೆದರೆ ತಿರುಗುವುದಿಲ್ಲ ಎಂಬ ಅದೇ ದೂರು. ನನ್ನ ಮುಂದೆ ಅವನು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದನೇ ಹೊರತು ಚಮಚದ ಸದ್ದಿಗೂ ತಲೆ ಎತ್ತಲಿಲ್ಲ. ಜೊತೆಗಿದ್ದ ಆಯಿ ಸೊಂಟದ ಸಂಚಿಯಿಂದ ಮೊಬೈಲ್ ತೆಗೆದರು. ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ ಹುಡುಗ ತಂಬಿಗೆಯ ಮುಚ್ಚಳವನ್ನು ಹೊರಳಿಸುತ್ತಿದ್ದಾನೆ. ದೂರದ ಓಣಿಯಿಂದ ಗಾಡಿಯ ಸದ್ದು ಸಣ್ಣಗೆ ಬರುತ್ತದೆ. ಅವನ ಕೈ ನಿಲ್ಲುತ್ತದೆ, ತಲೆ ಓಣಿಯ ಕಡೆ ತಿರುಗುತ್ತದೆ, “ಪಾ” ಎನ್ನುತ್ತಾನೆ. ಆಮೇಲೆ ಅವನ ಅಪ್ಪನ ಗಾಡಿ ಕಾಣಿಸುತ್ತದೆ. ಅದನ್ನು ಮೂರು ಸಲ ನೋಡಿದೆ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು. “ಕೇಳ್ತದ ಅನಸ್ತದ ಆಯಿ” ಎಂದೆ, ಹೇಳುತ್ತಲೇ ಕಿವಿ ಪರೀಕ್ಷೆಯ ಚೀಟಿಯನ್ನೂ ಬರೆದು, ಅದರ ಮೇಲೆ ಬರುವ ಸೋಮವಾರದ ದಿನಾಂಕ ಹಾಕಿ ಅವರ ಕೈಗೆ ಕೊಟ್ಟೆ.